ಕಲ್ಲಿನ ಬಸುರಿಗೆ ಕುಬಸ

ಮನುಷ್ಯನಿಗೆ ಬೈಯಲು ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಇನ್ನೂ ಸರಿಯಾಗಿ ಅಭ್ಯಾಸ ಮಾಡಿಲ್ಲ. ನನಗೆ ಗೊತ್ತು. ಮೊದಲು ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ ನಿದ್ದೆ ಹಾರುತ್ತದೆ. ಕಡೆಗೆ ಹೆಂಡತಿಯ ಜೊತೆ ಗುಡ್ಡದ ಊರಿಗೆ ಹೋಗಿ ಚಿತ್ರಶಾಲೆ ನೋಡುವ ಪ್ರಸಂಗ ಬರುತ್ತದೆ.

ನಾನು ಶಂಕರೆಪ್ಪ. ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಸಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ. ಉಳಿದದ್ದೆಲ್ಲ ಶೇಂಗಾ ಕಟ್ಟಿಕೊಟ್ಟ ಕಾಗದದ ಮೇಲೆ ಓದಿಕೊಂಡದ್ದು. (ಆದ್ದರಿಂದ ನನ್ನ ಜ್ಞಾನಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ನಡುವಿನದು ಮಾತ್ರ ಇದೆ.) ಆದರೂ ನಮ್ಮ ವಿಜಾಪುರದ ಒಂದು ವಾರಪತ್ರಿಕೆಯಲ್ಲಿ ‘ಜಾಲಿಮುಳ್ಳು’ ಎಂಬ ಅಂಕಣ ನನ್ನದಾಗಿತ್ತು. ನಳದಲ್ಲಿ ನೀರು ಬಾರದಿದ್ದರೆ, ರೇಶನ್ ಸಕ್ಕರೆ ಹಿಂಬಾಗಿಲಿನಿಂದ ನಡೆದುಹೋದರೆ, ಕಂಬದ ಮೇಲಿನ ದೀಪ ಉದ್ಘಾಟನೆಯ ದಿನ ಉರಿದು ಮರುದಿನ ಆರಿದರೆ, ನನ್ನ ಮುಳ್ಳು ಅಲ್ಲಿ ಹಾಜರಿರುತ್ತಿತ್ತು. ಹಗಲೆಲ್ಲ ಮಂದಿಯ ಪಂಕ್ಚರ್ ಮುಚ್ಚುವುದು, ಸಂಜೆ ಕೂತು ಅಧಿಕಾರಿಗಳಿಗೆ ಪಂಕ್ಚರ್ ಮಾಡುವುದು. ಬಡವನಾದರೂ ಸುಖಿಯಾಗಿದ್ದೆ.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಸಂಪಾದಕ ಈರಯ್ಯನವರು ನನ್ನನ್ನು ಪ್ರೆಸ್ಸಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು.

“ಶಂಕ್ರೆಪ್ಪಾ, ಕಾಲ ಸೂಕ್ಷ್ಮ ಅದ. ಇನ್ನ ಮ್ಯಾಲ ಯಾರನ್ನೂ ಬೈಯಾಂಗಿಲ್ಲ ನೋಡಪಾ.”

“ನೀರಿನ ನಳಾ ಸುದ್ದಾ ಬೈಯಾಂಗಿಲ್ಲೇನ್ರಿ ಅಯ್ಯನವರ?”

“ನಳಾ ಯಾರದು? ಸರಕಾರದ್ದು.”

“ಹೋಗ್ಲಿ, ಸೊಳ್ಳಿ ಬೈತೀನಿ.”

“ಸೊಳ್ಳಿ ಎಲ್ಲಿ ಹುಟ್ಟತಾವು? ಗಟಾರದಾಗ. ಗಟಾರ ಯಾರದು?”

“ಹಂಗಾರ ನಾ ಏನ್ ಬರೀಲ್ರಿ? ಬಿಸಲು?”

ಈರಯ್ಯನವರು ಕಿಡಕಿಯಿಂದ ಬಿಸಿಲನ್ನೊಮ್ಮೆ ಇಣುಕಿ ನೋಡಿದರು. “ಬಿಸಲೂ ಬ್ಯಾಡ. ಯಾರರೆ ಬ್ಯಾರೆ ಅರ್ಥ ಮಾಡ್ಯಾರು. ಚಂದನ್ನ ವಸ್ತು ನೋಡು, ಚಂದ ಬರಿ. ಒಂದ ಲೇಖನ, ಒಬ್ಬರನ್ನೂ ಬೈದಿರಬಾರದು, ಮಂದಿ ಓದಬೇಕು. ಬರದ್ಯೋ, ನಿನ್ನ ಅಂಕಣ ಉಳೀತು. ಇಲ್ಲಂದ್ರ ಆ ಜಾಗಾದಾಗ ಹಲ್ಲಿನ ಪುಡಿ ಜಾಹೀರಾತು ಹಾಕ್ತೀನಿ. ಅವರು ಭಾಳ ದಿನದಿಂದ ಕೇಳಾಕತ್ತಾರ.”

ಹಲ್ಲಿನ ಪುಡಿ! ಹಲ್ಲು ಕಡಿಯುವವನ ಜಾಗದಲ್ಲಿ ಹಲ್ಲು ಉಜ್ಜುವ ಪುಡಿ! ನನ್ನ ಕಣ್ಣ ಮುಂದೆ ಕತ್ತಲೆ ಬಂತು. ದಾರಿಯನ್ನೂ ಅವರೇ ತೋರಿಸಿದರು. ಟಿಕೋಟಾದ ಹೆಣ್ಣುಮಕ್ಕಳು ಬಸ್ಸು ಮಾಡಿಕೊಂಡು ಕೃಷ್ಣೆ ಹುಟ್ಟುವ ಗುಡ್ಡಕ್ಕೆ ಯಾತ್ರೆ ಹೊರಟಿದ್ದರು. ಎರಡು ಸೀಟು ಖಾಲಿ ಇದ್ದವು. ಅಲ್ಲಿ ಮೇಲೆ ವಸ್ತುಸಂಗ್ರಹಾಲಯ, ಚಿತ್ರಶಾಲೆ ಎಲ್ಲ ಇವೆಯಂತೆ. (ಊರಿನ ಹೆಸರು ಬರೆಯುವುದಿಲ್ಲ. ಸಾತಾರಾ ದಾಟಿ ಘಾಟು ಹತ್ತಿದರೆ ಕಿವಿ ಗುಂಯ್ ಅನ್ನುವಲ್ಲಿ ಇದೆ, ಇಷ್ಟು ಸಾಕು.)

ಮನೆಗೆ ಬಂದು ಗುರುಬಾಯಿಗೆ ಹೇಳಿದೆ. ಜೈನಾಪುರದ ಮಗಳು ಅವಳು, ಜೋಳದ ಹಿಟ್ಟಿನ ಕೈ ತೊಳೆಯದೆಯೇ ನನ್ನನ್ನು ನೋಡಿದಳು.

“ಮದುವಿ ಆಗಿ ಇಷ್ಟ ವರ್ಷ ಆತು. ಅಂಗಳದಾಗ ನಿಂತ್ರ ಗುಮ್ಮಟ ಕಾಣ್ತೈತಿ. ಒಂದ ದಿನ ಅದರೊಳಗ ಕರಕೊಂಡ ಹೋಗಿಲ್ಲ. ಈಗ ಸಾತಾರಾ ದಾಟಿ ಮಂದಿ ಗ್ವಾಡಿ ಮ್ಯಾಲಿನ ಚಿತ್ರ ತೋರಸ್ತೀರೇನು?”

“ಅಂಕಣದ ಸಲುವಾಗಿ ಹೋಗೂದೈತಿ.”

“ಹಂಗ ಹೇಳ್ರಿ ಮತ್ತ. ನನ್ನ ಸಲುವಾಗಿ ಅಂತ ತಿಳಕೊಂಡು ಎದಿ ಧಸಕ್ ಅಂದಿತ್ತು.”

ಹೀಗೆ ನಮ್ಮ ಕಲಾಯಾತ್ರೆ ಆರಂಭವಾಯಿತು. ಯಾತ್ರೆಯ ಮುಖಂಡಳು ಲಕ್ಕವ್ವ. ಮೂಗಿನ ತುಂಬ ನತ್ತು, ಹಣೆಯ ತುಂಬ ಕುಂಕುಮ, ಬಾಯಿ ತುಂಬ ಮಾತು. ನದಿಗೆ ಉಡಿ ತುಂಬಲೆಂದು ಹಸಿರು ಸೀರೆ, ಖಣ, ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲವನ್ನೂ ಒಂದು ಗಂಟಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಡ್ರೈವರ್ ಗುಡುಸಾಬ ಗೇರು ಬದಲಿಸುವ ಮುಂಚೆ ಅವಳ ಮುಖ ನೋಡುತ್ತಿದ್ದ.

ಗುಡ್ಡದ ಊರು ಮಂಜಿನಲ್ಲಿ ಮುಳುಗಿತ್ತು. ವಿಜಾಪುರದ ಬಿಸಿಲಲ್ಲಿ ಕಾದು ಕೆಂಪಾದ ನಮ್ಮ ಮಂದಿಗೆ ಹಲ್ಲು ಕಟಕಟಿಸತೊಡಗಿ, ಕೌದಿ ಹೊದ್ದುಕೊಂಡೇ ಬಸ್ಸಿನಿಂದ ಇಳಿದರು. ನಾನು ಕಿಸೆಯಿಂದ ಪೆನ್ಸಿಲ್ ತೆಗೆದೆ. ಹೊಗಳಲೇಬೇಕು. ಏನೇ ಕಂಡರೂ ಹೊಗಳಬೇಕು.

ಮೊದಲನೆಯದು ಒಬ್ಬ ಹಳೆಯ ಬಿಳಿ ಸಾಹೇಬನ ಬಂಗಲೆ, ಈಗ ವಸ್ತುಸಂಗ್ರಹಾಲಯ. ಬಾಗಿಲಲ್ಲೇ ಹುಲ್ಲು ತುಂಬಿದ ಹುಲಿ. ಪಕ್ಕದ ಚಿತ್ರದಲ್ಲಿ ಅದರ ಮೇಲೆ ಕಾಲಿಟ್ಟು ನಿಂತ ಸಾಹೇಬ. ಸಾಹೇಬನ ಹಿಂದೆ ಬರಿಮೈಯಲ್ಲಿ ನಿಂತ ನಮ್ಮವರು, ಹುಲಿಯನ್ನು ಹುಡುಕಿದವರು, ಹುಲಿಯನ್ನು ಹೊತ್ತವರು. ಸಾಹೇಬನ ಹೆಸರಿತ್ತು, ಸಾಹೇಬನ ನಾಯಿಯ ಹೆಸರೂ ಇತ್ತು. ಹೊತ್ತವರ ಹೆಸರಿರಲಿಲ್ಲ. ನನ್ನ ರಕ್ತ ಕುದಿಯಿತು. ಹಲ್ಲಿನ ಪುಡಿಯನ್ನು ನೆನೆದುಕೊಂಡು, ‘ಹುಲಿಯ ಕಣ್ಣಿನ ಗಾಜು ಬಹಳ ಶುಭ್ರವಾಗಿತ್ತು’ ಎಂದು ಬರೆದುಕೊಂಡೆ.

ಗುರುಬಾಯಿ ಹುಲಿಯ ಕಿವಿಯ ಹತ್ತಿರ ಮೂಸಿದಳು. “ಬಿಸಲಿಗೆ ಹಾಕಿಲ್ಲ ಇದನ್ನ. ಹುಳಾ ಹತ್ತ್ಯಾವ.”

ಮುಂದಿನ ಕೋಣೆಯಲ್ಲಿ ಸಾಹೇಬ ಸ್ನಾನ ಮಾಡುತ್ತಿದ್ದ ಉದ್ದನೆಯ ಬಿಳಿ ತೊಟ್ಟಿ. ಲಕ್ಕವ್ವ ಹೆಣ್ಣುಮಕ್ಕಳಿಗೆಲ್ಲ ಅದನ್ನು ಪರಿಚಯಿಸಿದಳು: “ಇದು ನೋಡ್ರಬೇ, ಸಾಹೇಬನ ಎಮ್ಮಿ ನೀರು ಕುಡಿಯೂ ದ್ವಾಣಿ.”

“ಲಕ್ಕವ್ವಾ, ಅದರಾಗ ಸಾಹೇಬ ಮಲಕೊಂಡು ಜಳಕಾ ಮಾಡತಿದ್ದ” ಎಂದೆ.

“ಮಲಕೊಂಡು ಜಳಕಾ ಮಾಡಸೂದು ಕೂಸಿಗೆ, ಇಲ್ಲಾ ಹೆಣಕ್ಕ. ಈ ಸಾಹೇಬ ಯಾವುದರಾಗ ಇದ್ದಾನು?”

ನಾನು ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿದೆ. ‘ತೊಟ್ಟಿಯ ವಿನ್ಯಾಸ ಚಿಂತನೆಗೆ ಹಚ್ಚುತ್ತದೆ’ ಎಂದು ಬರೆದೆ.

ಎರಡನೆಯದು ಚಿತ್ರಶಾಲೆ. ಮುಂಬಯಿಯ ಶ್ರೀಮಂತರು ತಂಪಿಗೆ ಬಂದಾಗ ಕೊಂಡುಕೊಳ್ಳಲೆಂದು ತೂಗುಹಾಕಿದ ಚಿತ್ರಗಳು. ಒಂದರಲ್ಲಿ ಬರೀ ಕೆಂಪು, ನಡುವೆ ಒಂದು ಕಪ್ಪು ಗೆರೆ. ಹೆಸರು ‘ವೇದನೆ’. ಗುರುಬಾಯಿ ಅದರ ಮುಂದೆ ಬಹಳ ಹೊತ್ತು ನಿಂತಳು. ಅವಳಲ್ಲಿ ಕಲಾಪ್ರಜ್ಞೆ ಜಾಗೃತವಾಯಿತೆಂದು ನಾನು ಮೆಲ್ಲಗೆ ಹತ್ತಿರ ಹೋದೆ.

“ಏನನಸತೈತಿ?”

“ಕೆಂಪು ಖಾರ ಒಣಾ ಹಾಕಿದಾಗ ಇರವಿ ಸಾಲ ಹಿಡದ್ರ ಹಿಂಗ ಕಾಣ್ತೈತಿ. ವೇದನಾ ಖರೆ.”

ವಿವರಿಸಿದೆ. ಅಮೂರ್ತ ಕಲೆ ಎಂದರೇನು, ಭಾವ ಎಂದರೇನು, ರೇಖೆ ಎಂದರೇನು ಎಂದೆಲ್ಲ ಶೇಂಗಾ ಕಾಗದಗಳಲ್ಲಿ ಓದಿದ್ದನ್ನು ಅವಳಿಗೆ ಧಾರೆಯೆರೆದೆ. ತಿರುಗಿ ನೋಡಿದರೆ ಅವಳಿರಲಿಲ್ಲ. ಲಕ್ಕವ್ವನೂ ಇರಲಿಲ್ಲ. ಟಿಕೋಟಾದ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಹಿತ್ತಲಿನ ಕಡೆಯಿಂದ ಗದ್ದಲ ಕೇಳಿಸಿತು.

ಹಿತ್ತಲಲ್ಲಿ, ಸೋರುವ ತಗಡಿನ ಮಾಡಿನ ಕೆಳಗೆ, ಮೂಲೆಯಲ್ಲಿ, ಒಂದು ಕರಿಕಲ್ಲಿನ ಮೂರ್ತಿ. ಕುಕ್ಕುರುಗಾಲಲ್ಲಿ ಕುಳಿತ ಬಸುರಿ. ಎರಡು ಕೈಯೂ ಸೊಂಟದ ಮೇಲೆ. ಮುಖದಲ್ಲಿ ದಣಿವು. ಮೈಮೇಲೆ ಅರಿವೆಯಿಲ್ಲ. ಕೆಳಗೆ ‘ಸೃಷ್ಟಿ’ ಎಂಬ ಚೀಟಿ, ಮತ್ತು ‘ಮುಟ್ಟಬಾರದು’ ಎಂಬ ಹಲಗೆ. ಆ ಹಲಗೆಯ ಮೇಲೆ ಲಕ್ಕವ್ವ ತನ್ನ ಕೌದಿ ಒಣಗಲು ಹಾಕಿದ್ದಳು.

“ಯವ್ವಾ, ಬರಿಬತ್ತಲೆ ಕೂಡಿಸ್ಯಾರಲ್ಲಬೇ ತುಂಬಿದ ಬಸರಿನ್ನ! ಈ ಥಂಡ್ಯಾಗ!” ಎಂದಳು ಗುರುಬಾಯಿ.

ಲಕ್ಕವ್ವ ಮೂರ್ತಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. “ಏಳ ತಿಂಗಳಾಗ ಬಿದ್ದಾವ.”

“ಒಂಬತ್ತು ಇರಬೇಕು ಲಕ್ಕವ್ವಾ.”

“ಹೊಟ್ಟಿ ಇಳದೈತೇನು ನೋಡು. ಏಳೇ. ಕೈಯಾಗ ಹಸರ ಬಳಿ ಇಲ್ಲ. ಕುಬಸ ಆಗಿಲ್ಲ ಈಕಿಂದು.”

ನಾನು ನಡುವೆ ಬಾಯಿ ಹಾಕಿದೆ. “ಇದು ಹೆಣ್ಮಗಳಲ್ಲ, ಕಲಾ! ಇದು ಭೂಮಿತಾಯಿ ಸಂಕೇತ!”

ಗುರುಬಾಯಿ ನನ್ನ ಕಡೆ ತಿರುಗಿದಳು. “ಸಂಕೇತ ಅಂದ್ರ ಬಯಕಿ ಇರೂದಿಲ್ಲೇನು?”

ಓದುಗರೇ, ನಮ್ಮ ಕಡೆ ಬಸುರಿ ಹೆಣ್ಣುಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡದೆ ಬಿಡುವುದು ಎಂದರೆ ಏನೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಲಕ್ಕವ್ವ ಗಂಟು ಬಿಚ್ಚಿದಳು. “ಹೊಳಿ ಗಂಗವ್ವಗ ಇನ್ನೊಂದ ಸೀರಿ ತಂದ್ರಾತು. ಆಕಿಗೇನ ಕಡಿಮಿ ಆಗೇತಿ, ಊರೂರ ಮಂದಿ ಉಡಸ್ತಾರ. ಈಕಿಗೆ ಯಾರದಾರ?” ಹಸಿರು ಸೀರೆ ಉಡಿಸಿದರು. ಖಣ ಹೊದಿಸಿದರು. ಕೈಗಳು ಸೊಂಟಕ್ಕೆ ಅಂಟಿಕೊಂಡಿದ್ದರಿಂದ ಬಳೆ ಏರಲಿಲ್ಲ. ಬಳೆಗಳನ್ನು ದಾರದಲ್ಲಿ ಪೋಣಿಸಿ ಮುಂಗೈಗೆ ಕಟ್ಟಿದರು. ಅರಿಶಿನ, ಕುಂಕುಮ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಐದು ಮಂದಿ ಮುತ್ತೈದೆಯರು ಉಡಿ ತುಂಬಿದರು. ಲಕ್ಕವ್ವ ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು.

ಕಾವಲುಗಾರ ಬುಡ್ಡೇಸಾಬ, ಅವನೂ ಮೂಲತಃ ನಮ್ಮ ಕಡೆಯವನೇ, ಕೋಲು ಹಿಡಿದು ಓಡಿ ಬಂದ. “ಏ ಯಾರ್ರಿ ನೀವು! ಮುಟ್ಟಬಾರದು ಅಂತ ಬರದಿದ್ದು ಕಾಣೂದಿಲ್ಲೇನು? ಸರೀರಿ! ಸಿಂಗಾರ ಮಾಡಿಟ್ಟಾರ ಮೂರ್ತಿನ್ನ!”

ಇಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ಬೆಳಗಿನಿಂದ ಹೊಗಳಿ ಹೊಗಳಿ ನನ್ನ ಗಂಟಲಲ್ಲಿ ಬೈಗುಳ ಕಟ್ಟಿಕೊಂಡಿತ್ತು. ಅದು ಒಡೆಯಿತು. ಕಟ್ಟೆಯ ಮೇಲೆ ಹತ್ತಿ ನಿಂತು ಐತಿಹಾಸಿಕ ಭಾಷಣವೊಂದನ್ನು ಮಾಡಿಯೇಬಿಟ್ಟೆ.

“ಯಾರ ಸಲುವಾಗಿ ಐತ್ರಿ ಈ ಕಲಾ? ಥಂಡಿ ಹವಾ ತಿನ್ನಾಕ ಬರೂ ಸಾವಕಾರರ ಸಲುವಾಗೇನು? ಅವರು ಈಕಿನ್ನ ಸೋರೂ ತಗಡಿನ ತಳಗ ಕೂಡಿಸ್ಯಾರ! ಈಕಿಗೆ ಸೀರಿ ಉಡಸಿದಾಕಿ ಟಿಕೋಟಾದ ಹೆಣ್ಮಗಳು! ಈಕಿ ನಮ್ಮಾಕಿ! ಈಕಿ ನಮ್ಮ ಮನಿ ಮಗಳು! ಈಕಿ ಇರಬೇಕಾದದ್ದು ಇಲ್ಲಲ್ಲ, ನಮ್ಮ ಮಂದಿ ನಡುವ, ನಮ್ಮ ಓಣ್ಯಾಗ, ನಮ್ಮ ಪಡಸಾಲ್ಯಾಗ!”

ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ಬಿಕ್ಕಿದ ಸಪ್ಪಳ. ತಿರುಗಿದರೆ ಗಡ್ಡದ ಮನುಷ್ಯನೊಬ್ಬ, ಅಂಗಿಯ ತುಂಬ ಕಲ್ಲಿನ ಧೂಳು, ಕಣ್ಣಲ್ಲಿ ನೀರು. ಮೂರ್ತಿ ಕೆತ್ತಿದ ತುಕಾರಾಮ ಅವನೇ. ಅಕ್ಕಲಕೋಟೆ ಕಡೆಯವ, ಕನ್ನಡ ಬಲ್ಲವ.

“ಇಷ್ಟ ದಿನದಾಗ ಒಬ್ಬರೂ ಈಕಿ ಮುಂದ ನಿಂತಿಲ್ರಿ ಮಾಲಕ. ಈ ದೀಪಾವಳಿ ಆದ ಮ್ಯಾಲ ಒಯ್ಯು ಅಂತ ಚಿತ್ರಶಾಲಿಯವರು ಹೇಳ್ಯಾರ. ಎಲ್ಲಿಗೆ ಒಯ್ಯಲಿ ಅಂತ ಚಿಂತಿ ಹತ್ತಿತ್ತು. ಈಗ ತವರಮನಿಯವರ ಬಂದ್ರಿ.”

‘ತವರಮನಿ’ ಎಂಬ ಮಾತು ಬಿದ್ದದ್ದೇ ತಡ, ಲಕ್ಕವ್ವನ ಮುಖದ ಮೇಲೆ ಧರ್ಮಸೂಕ್ಷ್ಮವೊಂದು ಹೊಳೆಯಿತು.

“ಚೊಚ್ಚಲ ಐತೇನೋ ತಮ್ಮಾ ಇದು?”

“ಹೌದ್ರಿ ಯವ್ವಾ, ನಾ ಮಾಡಿದ್ದು ಒಂದೇ.”

“ಚೊಚ್ಚಲ ಹೆರಿಗಿ ತವರಾಗ ಆಗಬೇಕು. ಕುಬಸ ಮಾಡಿ, ಉಡಿ ತುಂಬಿ, ಬಸರಿನ್ನ ಅಲ್ಲೇ ಬಿಟ್ಟ ಬಂದ್ರಂತ ಗೊತ್ತಾದ್ರ ಟಿಕೋಟಾದಾಗ ನಮ್ಮ ಮಾರಿಗೆ ಏನ್ ಹತ್ತೀತು? ಎತ್ತರಬೇ, ಬಸ್ಸಿಗೆ ಹಾಕ್ರಿ.”

“ಯಾರ ಮನಿಗೆ?” ಎಂದೆ ನಾನು. ದನಿ ಸಣ್ಣದಾಗಿತ್ತು.

“ಮನಿ ಮಗಳು ಅಂತ ಕಟ್ಟಿ ಏರಿ ಒದರಿದವರು ಯಾರು?” ಎಂದಳು ನನ್ನ ಧರ್ಮಪತ್ನಿ.

ಬುಡ್ಡೇಸಾಬನೇ ಎಲ್ಲರಿಗಿಂತ ಮುಂದಾಗಿ ಮೂರ್ತಿ ಎತ್ತಲು ಕೈ ಹಚ್ಚಿದ. ಅವನಿಗೂ ಅದನ್ನು ಕಾಯ್ದು ಸಾಕಾಗಿತ್ತಂತೆ. ಬಸ್ಸಿನಲ್ಲಿ ಹಿಂದಿನ ಸೀಟು ಕುಲುಕುತ್ತದೆ, ಬಸುರಿಗೆ ಆಗಿಬರುವುದಿಲ್ಲ ಎಂದು ಅವಳನ್ನು ಗುರುಬಾಯಿಯ ಪಕ್ಕದಲ್ಲಿ, ಅಂದರೆ ನನ್ನ ಜಾಗದಲ್ಲಿ, ಕೂಡಿಸಿದರು. ನಾನು ಸ್ಟೆಪ್ನಿ ಗಾಲಿಯ ಮೇಲೆ ಕುಳಿತು ವಿಜಾಪುರ ಮುಟ್ಟಿದೆ. ತಗ್ಗು ಬಂದಾಗಲೆಲ್ಲ ಲಕ್ಕವ್ವ, “ಗುಡುಸಾಬಾ, ಸಾವಕಾಶ ಹೊಡಿಯೋ, ಬಸರಿ ಅದಾಳ” ಎನ್ನುತ್ತಿದ್ದಳು. ಬಸುರಿಯ ಮೈ ಅಲುಗಲಿಲ್ಲ. ನನ್ನ ಬೆನ್ನೆಲುಬು ಮಾತ್ರ ಅಲುಗಿತು.

ನಮ್ಮ ಮನೆ ಎಂದರೆ ಒಂದು ಅಡಿಗೆಮನೆ, ಒಂದು ಪಡಸಾಲೆ, ಪಡಸಾಲೆಗೆ ಹತ್ತಿದ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ನಾನು ಬರೆಯುತ್ತಿದ್ದೆ. ಗಾಳಿ ಬಾರದ ಕೋಣೆ, ಬಸುರಿಗೆ ಥಂಡಿ ಹತ್ತುವುದಿಲ್ಲ ಎಂದು ಅವಳನ್ನು ಅಲ್ಲೇ ಇಳಿಸಿದರು. ಕಪ್ಪಗಿದ್ದಾಳೆಂದು ಕಾಳವ್ವ ಎಂದು ಹೆಸರೂ ಇಟ್ಟರು. ನಾನು ಅವಳ ಮಗ್ಗುಲಲ್ಲಿ ಚಾಪೆ ಹಾಸಿಕೊಂಡು, ಒಬ್ಬರನ್ನೂ ಬೈಯದ ನನ್ನ ಕಲಾಸಮೀಕ್ಷೆ ಬರೆದು ಮುಗಿಸಿ, ಈರಯ್ಯನವರಿಗೆ ಕೊಟ್ಟೆ. ಅವರು ಓದತೊಡಗಿದರು. ಆಕಳಿಸಿದರು. ಇನ್ನೊಮ್ಮೆ ಆಕಳಿಸಿದರು.

“ಶಂಕ್ರೆಪ್ಪಾ, ಹುಲಿ ಕಣ್ಣಿನ ಗಾಜು ಶುಭ್ರ ಇತ್ತು. ಮುಂದ?”

“ಮುಂದ ತೊಟ್ಟಿ ಬರ್ತೈತ್ರಿ.”

“ಇದಕ್ಕಿಂತ ಹಲ್ಲಿನ ಪುಡಿ ಓದಾಕ ಛಲೋ ಇರ್ತೈತಪಾ.”

ನನ್ನ ಎದೆ ಒಡೆಯಿತು. ಆದರೆ ಅಂದೇ ಸಂಜೆ ಈರಯ್ಯನವರು ನಮ್ಮ ಓಣಿಗೆ ಬಂದರು. ತಾವಾಗಿ ಬಂದದ್ದಲ್ಲ, ಅವರ ಮನೆಯವರು ಉತ್ತತ್ತಿ, ಖಣ ತೆಗೆದುಕೊಂಡು ಕಾಳವ್ವನನ್ನು ನೋಡಲು ಹೊರಟಾಗ ಛತ್ರಿ ಹಿಡಿಯಲು ಬಂದದ್ದು. ಓಣಿ ತುಂಬ ಹೆಣ್ಣುಮಕ್ಕಳು. ಒಳಗೆ ಗುರುಬಾಯಿ ಸಾಹೇಬನ ದ್ವಾಣಿಯಿಂದ ಹಿಡಿದು ಸ್ಟೆಪ್ನಿ ಗಾಲಿಯ ತನಕ ಕಥೆ ಹೇಳುತ್ತಿದ್ದಾಳೆ, ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಈರಯ್ಯನವರು ಬಾಗಿಲಲ್ಲೇ ನಿಂತು ಕೇಳಿದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಇದನ್ನ ಬರಿಯೋ ಹುಚ್ಚಾ. ಯಾರನ್ನೂ ಬೈದಂಗಿಲ್ಲ, ಎಲ್ಲಾರೂ ಓದ್ತಾರ. ವಾರಾ ಆಕಿ ಸುದ್ದಿ ಕೊಡು. ಆಕಿ ಹಡಿಯೂ ತನಕ ನಿನ್ನ ಅಂಕಣ ನಡೀಲಿ.”

“ಹಡಿಯೂ ತನಕ ಅಂತ ಮಾತ ಕೊಡ್ರಿ ಅಯ್ಯನವರ.”

“ಕೊಟ್ಟೆ.”

ಅಂದು ನಾನು ಕಾಳವ್ವನ ಮುಂದೆ ಕುಳಿತು ಒಬ್ಬನೇ ನಕ್ಕೆ. ಕಲ್ಲು! ಕರಿಕಲ್ಲು! ಸೂರ್ಯಚಂದ್ರರಿರುವ ತನಕ ಹೆರದ ಕಲ್ಲು! ಭಾರತದ ಯಾವ ಸಂಪಾದಕನೂ ಯಾವ ಅಂಕಣಕಾರನಿಗೂ ಇಷ್ಟು ಉದ್ದದ ಕರಾರು ಬರೆದುಕೊಟ್ಟಿರಲಿಕ್ಕಿಲ್ಲ.

ಮೊದಲ ವಾರ ಯಾತ್ರೆಯ ಕಥೆ ಬರೆದೆ. ಎರಡನೆಯ ವಾರ ನನ್ನ ತಲೆಯಲ್ಲಿ ದಿವ್ಯವಾದ ಉಪಾಯವೊಂದು ಮಿಂಚಿತು. ಬಸುರಿಗೆ ಬಯಕೆ ಇರುತ್ತದಲ್ಲ? ಬರೆದೆ: ‘ಕಾಳವ್ವನಿಗೆ ಈ ವಾರ ಮಾವಿನಕಾಯಿ ಬೇಡ, ಹುಣಸೆ ಬೇಡ. ನಮ್ಮ ಓಣಿಯ ನಳದಲ್ಲಿ ಬಂದ ತಣ್ಣೀರು ಒಂದು ಗುಟುಕು ಕುಡಿಯಬೇಕೆಂದು ಬಯಕೆಯಾಗಿದೆ. ನಳದ ಕಡೆ ಮುಖ ಮಾಡಿ ಕುಳಿತ ಹಾಗೆಯೇ ಕುಳಿತಿದ್ದಾಳೆ.’ ಯಾರನ್ನೂ ಬೈದಿರಲಿಲ್ಲ. ಮುಂಜಾನೆ ನಳದ ಮುಂದೆ ಹೆಣ್ಣುಮಕ್ಕಳ ಸಾಲು ನಿಂತು, ಅಲ್ಲಿಂದ ನೇರ ನೀರಿನ ಕಚೇರಿಗೆ ಹೋಯಿತು. “ಬಸರಿ ಬಯಕಿ ತೀರಸದವರ ಕಿವಿ ಸೋರತಾವಂತ್ರಿ ಸಾಹೇಬ್ರ” ಎಂದಳಂತೆ ಒಬ್ಬ ಮುದುಕಿ. ಎರಡು ದಿನದಲ್ಲಿ ನಳಕ್ಕೆ ನೀರು ಬಂತು! ಮುಂದಿನ ವಾರ ಕಾಳವ್ವನಿಗೆ ಬೆಳದಿಂಗಳಿಲ್ಲದ ದಿನ ದೀಪದ ಕಂಬದ ಕೆಳಗೆ ಅಡ್ಡಾಡುವ ಬಯಕೆಯಾಯಿತು. ದೀಪ ಹತ್ತಿತು. ಅದರ ಮುಂದಿನ ವಾರ ರೇಶನ್ ಸಕ್ಕರೆಯ ಮಾದಲಿ ತಿನ್ನುವ ಬಯಕೆ. ಸಕ್ಕರೆ ಮುಂಬಾಗಿಲಿನಿಂದ ಬಂತು. ವರ್ಷಗಟ್ಟಲೆ ಬೈದರೂ ಆಗದ ಕೆಲಸ!

ಕಾಳವ್ವನ ಕೀರ್ತಿ ಹರಡಿತು. ಬಬಲೇಶ್ವರದಿಂದ ಒಬ್ಬರು ಕೆಂಪು ಬೆಲ್ಲ ಕಳಿಸಿದರು. ಮಮದಾಪುರದ ಕುರಿಗಾರನೊಬ್ಬ ಕಂಬಳಿ ತಂದು ಕಾಳವ್ವನಿಗೆ ಹೊದಿಸಿ ಹೋದ. ಕುಟುಂಬ ಯೋಜನೆಯ ಬಾಯಿಯೊಬ್ಬಳು ವಹಿ ಹಿಡಿದು ಬಂದು ಬಾಗಿಲಲ್ಲೇ ನಿಂತು ಕೇಳಿದಳು.

“ಇಲ್ಲಿ ಕಾಳವ್ವ ಅನ್ನೂ ಬಸರಿ ಅದಾಳಂತ. ಎಷ್ಟನೇದು?”

“ಚೊಚ್ಚಲ” ಎಂದಳು ಗುರುಬಾಯಿ.

“ಗಂಡ ಎಲ್ಲದಾನ? ಕರೀರಿ, ತಿಳಿಸಿ ಹೇಳೂದೈತಿ.”

ಪಡಸಾಲೆಯಲ್ಲಿದ್ದ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿತ್ತಲ ಬಾಗಿಲಿನಿಂದ ಅಂಗಡಿಗೆ ಓಡಿದೆ.

ಹೀಗೆ ಸುಖವಾಗಿ ಸಾಗುತ್ತಿರಲು, ಹೆಣ್ಣುಮಕ್ಕಳು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದರು. ದೀಪಾವಳಿಗೆ ಮುಂಚೆ, ಕುಬಸದ ದಿನವೇ ಏಳು ತಿಂಗಳು. ಈಗ ಚೈತ್ರ. ಲಕ್ಕವ್ವ ಟಿಕೋಟಾದಿಂದ ಬಂದು ಮತ್ತೆ ಹೊಟ್ಟೆಯ ಮೇಲೆ ಕೈಯಿಟ್ಟು, ತುಟಿ ಕಚ್ಚಿ, ತಲೆ ಅಲ್ಲಾಡಿಸಿದಳು. ಓಣಿಯಲ್ಲಿ ಗುಸುಗುಸು ಎದ್ದಿತು. ಅಂದು ಊಟಕ್ಕೆ ಕುಳಿತಾಗ ಗುರುಬಾಯಿ ರೊಟ್ಟಿಯನ್ನು ತಾಟಿಗೆ ಬಡಿದಳು.

“ದಿನಾ ತುಂಬಿ ಎಷ್ಟ ದಿನಾ ಆತು? ನಿಮ್ಮ ಅಂಕಣದ ಸಲುವಾಗಿ ಆಕಿನ್ನ ಹಡಿಯಾಕ ಬಿಡವಲ್ರಿ.”

“ಲೇ, ನಾ ಏನ ಹಿಡದೇನೇನ? ಅದು ಕಲ್ಲು!”

“ಕಲ್ಲಿಗೆ ಸಕ್ಕರಿ ಮಾದಲಿ ಬೇಕಂತ ಬರದವರು ಯಾರು? ಅವಾಗ ಕಲ್ಲಿರಲಿಲ್ಲೇನು? ಬಯಕಿ ಆಗೂದಿದ್ರ ಬ್ಯಾನಿನೂ ಆಗ್ತೈತಿ. ಬಸರಾದಾಕಿ ಹಡೀಲೇಬೇಕು. ಹೆಣ್ಮಕ್ಕಳ ಶಾಪ ಹತ್ತೀತು ನಿಮಗ.”

ನಾನು ನಕ್ಕುಬಿಟ್ಟೆ. ಅದು ನನ್ನ ಕೊನೆಯ ನಗು. ಏಕೆಂದರೆ ಗುರುಬಾಯಿ ಅಷ್ಟರಲ್ಲೇ ಗುಡುಸಾಬನ ಬಸ್ಸಿನ ಮೂಲಕ ಗುಡ್ಡದ ಊರಿಗೆ ಮಾತು ಮುಟ್ಟಿಸಿದ್ದಳು.

ವೈಶಾಖದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದಾಗ, ಓಣಿಯ ಹೆಣ್ಣುಮಗಳೊಬ್ಬಳು ನನ್ನ ಬಾಯಿಗೆ ಸಕ್ಕರೆ ಹಾಕಿ ಓಡಿಹೋದಳು. “ಗಂಡ ಕೂಸು! ಗಂಡ ಕೂಸು!” ಮನೆಗೆ ಹಾರಿದ್ದೇ ಬಂತು. ಬಾಗಿಲಲ್ಲಿ ತುಕಾರಾಮ, ಅಂಗಿಯ ತುಂಬ ಕಲ್ಲಿನ ಧೂಳು, ಮುಖದ ತುಂಬ ಬಾಣಂತಿಯ ಗಂಡನ ನಾಚಿಕೆ. ಒಳಗೆ ಕಾಳವ್ವನ ಮುಂದೆ, ಕಂಬಳಿಯ ಮೇಲೆ, ಅದೇ ಕರಿಕಲ್ಲಿನ ಕೂಸು. ದುಂಡು ಬೋಳುತಲೆ, ಮುಷ್ಟಿ ಕಟ್ಟಿದ ಕೈ. ಹಾಳಾದವನು ಚಂದವಾಗಿಯೇ ಕೆತ್ತಿದ್ದ.

“ಗುರುಬಾಯವ್ವ ಹೇಳಿ ಕಳಿಸಿದ್ರು. ಅವತ್ತಿನಿಂದ ಹಗಲೂ ರಾತ್ರಿ ಇದನ್ನ ಕೆತ್ತೇನ್ರಿ ಮಾಲಕ” ಎಂದ. ಅವನ ಕೊರಳಲ್ಲಿ ನಮ್ಮ ಓಣಿಯವರು ಹಾಕಿದ ಹೂವಿನ ಹಾರವಿತ್ತು. ನನ್ನ ಕೊರಳಲ್ಲಿ ಏನೂ ಇರಲಿಲ್ಲ, ಉಸಿರು ಸಹ.

ಈರಯ್ಯನವರು ಬಂದು ಕೂಸಿನ ಕೈಯಲ್ಲಿ ನಾಣ್ಯವಿಟ್ಟು ನನ್ನ ಕಡೆ ತಿರುಗಿದರು. “ಹಡದಳಲ್ಲಪಾ. ಮಾತಂದ್ರ ಮಾತು.”

“ಅಯ್ಯನವರ, ಇನ್ನ ಬಾಣಂತನ ಐತಿ. ಅದನ್ನ ಬರೀತೀನಿ!”

“ಬರೀಬೇಕು. ಮಂದಿ ಕೇಳ್ತಾರ. ಆದ್ರ ನೀ ಹ್ಯಾಂಗ ಬರೀತಿ?”

ನಾನು ಕೋಣೆಯ ಒಳಗೆ ಕಾಲಿಡಲು ಹೋದೆ. ಲಕ್ಕವ್ವ ಹೊಸ್ತಿಲಿಗೆ ಅಡ್ಡ ನಿಂತಳು. “ಬಾಣಂತಿ ಕೋಣಿ ಇದು. ಗಂಡಸರ ಬರಬಾರದು. ಹಿಂದ ಸರೀರಿ ಯಪ್ಪಾ.” ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು, ಒಳಗೆ ಲೋಬಾನ ಹಾಕಿದರು. ನನ್ನ ಚಾಪೆ, ಪೆನ್ಸಿಲ್, ಶೇಂಗಾ ಕಾಗದಗಳ ಮಹಾಗ್ರಂಥಾಲಯ ಒಂದೊಂದಾಗಿ ಹೊರಗೆ ಬಂದವು.

ಒಳಗಿನ ಸುದ್ದಿ ಒಳಗಿದ್ದವರೇ ಹೇಳಬೇಕು. ಅಂಕಣ ಗುರುಬಾಯಿಗೆ ಹೋಯಿತು. ಅವಳು ಕೋಣೆಯಿಂದ ಹೇಳುತ್ತಾಳೆ, ನಾನು ಹೊಸ್ತಿಲ ಹೊರಗೆ ಕುಳಿತು ಬರೆದುಕೊಳ್ಳುತ್ತೇನೆ. ನಡುವೆ ನಳದ ಬಗ್ಗೆ ಒಂದು ಸಣ್ಣ ಸಾಲು ಸೇರಿಸಲು ಎಷ್ಟೋ ಸಲ ಹವಣಿಸಿದೆ.

“ಓದಿ ತೋರಸ್ರಿ” ಎನ್ನುತ್ತಾಳೆ.

ಓದುತ್ತೇನೆ.

“ನಳದ್ದು ಯಾಕ ಬಂತು? ತಗೀರಿ.”

“ಬಯಕಿ ಅಂತ ಬರದೇನಿ.”

“ಬಸರಿಗೆ ಬಯಕಿ. ಬಾಣಂತಿಗೆ ಪಥ್ಯ. ತಗೀರಿ.”

ದಿಲ್ಲಿಯ ಸೆನ್ಸಾರಿನವರು ಸಹ ಇಷ್ಟು ಚೊಕ್ಕವಾಗಿ ಹೇಳಿರಲಿಕ್ಕಿಲ್ಲ. ಆದರೆ ಅವಳ ಪಾಲಿಗೆ ಮಾತ್ರ ಸೆನ್ಸಾರೇ ಇರಲಿಲ್ಲ. ಬಾಣಂತಿಗೆ ತುಪ್ಪ ಕೊಡದೆ ಗಡಿಗೆ ಬಚ್ಚಿಡುವ ಅತ್ತೆಯರನ್ನು, ಹೆಣ್ಣು ಹುಟ್ಟಿತೆಂದು ಅಂಟಿನ ಉಂಡಿಯಲ್ಲಿ ಕೊಬ್ಬರಿ ಕಡಿಮೆ ಮಾಡುವ ಮಾವಂದಿರನ್ನು, ಹಡೆದ ಹತ್ತೇ ದಿನಕ್ಕೆ ಹೊಲಕ್ಕೆ ಕಳಿಸುವ ಗಂಡಂದಿರನ್ನು ಅವಳು ವಾರ ವಾರ ಊರ ಹೆಸರು ಹೇಳಿ ಝಾಡಿಸಿದಳು. ನನ್ನ ಮುಳ್ಳು ಕಚೇರಿಯ ಕುರ್ಚಿಗೆ ಚುಚ್ಚುತ್ತಿತ್ತು. ಅವಳದು ಅಡಿಗೆಮನೆಗೆ ನುಗ್ಗಿ ಚುಚ್ಚುತ್ತಿತ್ತು. ಪತ್ರಿಕೆ ಬಂದ ದಿನ ಎಷ್ಟೋ ಮನೆಗಳಲ್ಲಿ ತುಪ್ಪದ ಗಡಿಗೆ ಕೆಳಗಿಳಿಯುತ್ತಿತ್ತಂತೆ. ಈ ಮಾತನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ, ಆದರೆ ಬರೆಯುತ್ತಿದ್ದೇನೆ.

ತುರ್ತು ಪರಿಸ್ಥಿತಿ ಹೋಯಿತು. ದೇಶಕ್ಕೆ ದೇಶವೇ ಬಾಯಿ ಬಿಟ್ಟು ಬೈಯತೊಡಗಿತು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಪ್ರೆಸ್ಸಿಗೆ ಓಡಿದೆ.

“ಅಯ್ಯನವರ, ಇನ್ನ ನನ್ನ ಅಂಕಣ ಕೊಡ್ರಿ.”

“ಜಾಗಾ ಎಲ್ಲೈತೋ? ನಿನ್ನ ಹೇಣ್ತಿದು ನಿಲ್ಲಿಸಿದ್ರ ಬಬಲೇಶ್ವರದ ಹೆಣ್ಮಕ್ಕಳು ಲಟ್ಟಣಗಿ ತಗೊಂಡ ಬರ್ತಾರ. ಆಕಿನ್ನ ಕೇಳು. ಆಕಿ ಬಿಟ್ರ ನಂದೇನ ತಕರಾರಿಲ್ಲ.”

ಕೇಳಿದೆ. ಅಂದು ಗುರುಬಾಯಿ ಬೇರೆಯೇ ಚಿಂತೆಯಲ್ಲಿದ್ದಳು. ಕೂಸಿಗೆ ವರ್ಷ ತುಂಬುವುದರೊಳಗೆ ಹುಟ್ಟುಗೂದಲಿನ ಜಾವಳ ತೆಗೆಸುತ್ತೇವೆ, ಎಲ್ಲರೂ ಬನ್ನಿರಿ ಎಂದು ಅಂಕಣದಲ್ಲಿ ಹೇಳಿಬಿಟ್ಟಿದ್ದಳು. ಅಚ್ಚಾಗಿತ್ತು. ಟಿಕೋಟಾ, ಜೈನಾಪುರದಿಂದ ಮಂದಿ ಹೊರಟು ನಿಂತಿದ್ದರು. ಹಜಾಮನಿಗೂ ಹೇಳಿಯಾಗಿತ್ತು. ಆಮೇಲೆ ನೋಡಿದರೆ ಕೂಸಿನ ತಲೆ ನುಣ್ಣಗಿದೆ. ತುಕಾರಾಮ ಒಂದು ಎಳೆ ಕೂದಲೂ ಕೆತ್ತಿಲ್ಲ.

“ಒಂದ ವಾರದ ಅಂಕಣ ಕೊಡ್ತೀ?” ಎಂದೆ.

ಅವಳು ಕೂಸಿನ ಬೋಳುತಲೆಯ ಮೇಲಿಂದ ಕೈ ತೆಗೆದಳು. ನನ್ನನ್ನು ನೋಡಿದಳು. ಮುಖವನ್ನಲ್ಲ, ಅದಕ್ಕೂ ಮೇಲೆ. ಹುಬ್ಬು, ಹಣೆ ದಾಟಿ ಅವಳ ದೃಷ್ಟಿ ನಿಧಾನವಾಗಿ ಏರುತ್ತಾ ಹೋಯಿತು.

“ಕಾಳವ್ವ ಮನಿ ಮಗಳಂದ್ರ ನೀವು ಕೂಸಿನ ಅಜ್ಜ ಆಗ್ಬೇಕಲ್ರಿ. ಕೂಸಿನ ಬದಲಿ ಅಜ್ಜ ಕೂದಲಾ ಕೊಟ್ರೂ ನಡೀತೈತಿ ಅಂತಾಳ ಲಕ್ಕವ್ವ” ಎಂದಳು.

ಒಂದು ವಾರದ ಜಾಗ ಸಿಕ್ಕಿತು. ಆ ಜಾಗದಲ್ಲೇ ನೀವು ಇದನ್ನು ಓದುತ್ತಿದ್ದೀರಿ. ಹೊಸ್ತಿಲ ಹೊರಗೆ ಕುಳಿತು ಬರೆಯುತ್ತಿದ್ದೇನೆ. ವಿಜಾಪುರದಲ್ಲಿ ವೈಶಾಖದ ಬಿಸಿಲು, ಆದರೂ ನೆತ್ತಿಗೆ ಗಾಳಿ ಬಹಳ ತಂಪಾಗಿ ತಾಗುತ್ತಿದೆ. ಇನ್ನೊಂದು ವಾರ ಕೊಡು ಎಂದು ಈಗಷ್ಟೇ ಒಳಗೆ ಕೇಳಿ ನೋಡಿದೆ.

“ಬೆಳೀಲಿ ತಡೀರಿ” ಎಂದು ಉತ್ತರ ಬಂತು.